ಮರದ ಮೇಲೆ ಕೂರದ ಹಕ್ಕಿ

ನಮಸ್ಕಾರ,

ಕಳೆದ ಸಂಚಿಕೆಯಲ್ಲಿ ಹಾಕಿದ್ದ ಜಪಾನಿನ ಕೊಕ್ಕರೆಗಳ ಫೋಟೊ ನಿಮಗೆ ಹಿಡಿಸಲಿಲ್ಲ. "ಪುಟದ ತುಂಬಾ ಮಂಜು, ಹಕ್ಕಿಯನ್ನು ಹುಡುಕಬೇಕು. ಜಪಾನಿ ಚಿತ್ರಗಳಲ್ಲಿರುವ ಹಾಗೆ ಪೈನ್ ಮರದ ಮೇಲೆ ಕೂತಿರುವ ಒಂದು ಫೋಟೊ ಸಿಗಲಿಲ್ಲವೇ?" ಎಂದು ಬರೆದಿದ್ದೀರಿ. ಈ ಪ್ರಶ್ನೆ ಕೇಳಿದ್ದು ನನಗೆ ನಿಜಕ್ಕೂ ಖುಷಿಯಾಯಿತು.

ಅಂಥ ಫೋಟೊ ಸಿಗುವುದಿಲ್ಲ. ನೆತ್ತಿ ಕೆಂಪಗಿರುವ ಈ ಹಕ್ಕಿಗೆ ಅಲ್ಲಿ ತಾಂಚೊ ಎನ್ನುತ್ತಾರೆ. ಅದರ ಹಿಂಬೆರಳು ಚಿಕ್ಕದು, ಉಳಿದ ಬೆರಳುಗಳಿಗಿಂತ ಮೇಲಿದೆ. ಹಾಗಾಗಿ ಕೊಂಬೆ ಹಿಡಿಯಲು ಬರುವುದಿಲ್ಲ. ನಾವು ಉದ್ದ ಕಾಲಿನ ಹಕ್ಕಿಗಳಿಗೆಲ್ಲ ಕೊಕ್ಕರೆ ಅಂತಲೇ ಹೇಳುತ್ತೇವೆ, ಅಲ್ವಾ? ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುವುದು ಬೇರೆಯೇ ಜಾತಿ. ಜಪಾನಿನಲ್ಲೂ ಪೈನ್ ಮರದ ತುದಿಯಲ್ಲಿ ಗೂಡು ಕಟ್ಟುವ, ಕಪ್ಪು-ಬಿಳುಪಿನ ಕೊನೊತೊರಿ ಎಂಬ ಹಕ್ಕಿ ಇದೆ. ಹಳೇ ಚಿತ್ರಕಾರರು ಎರಡನ್ನೂ ಬೆರೆಸಿದರು ಎಂದು ಹೇಳುತ್ತಾರೆ. ಜೊತೆಗೆ, ಪೈನ್ ಮರವೂ ತಾಂಚೊ ಹಕ್ಕಿಯೂ ದೀರ್ಘಾಯುಸ್ಸಿನ ಗುರುತು. "ಕೊಕ್ಕರೆಗೆ ಸಾವಿರ ವರ್ಷ, ಆಮೆಗೆ ಹತ್ತು ಸಾವಿರ ವರ್ಷ" ಎಂಬ ಮಾತೇ ಅಲ್ಲಿದೆ. ಮದುಮಗಳ ಕಿಮೋನೊ ಮೇಲೂ ಇದೇ ಹಕ್ಕಿ. 1984ರಲ್ಲಿ ಬಂದ ಸಾವಿರ ಯೆನ್ ನೋಟಿನ ಹಿಂಬದಿಯಲ್ಲೂ ಇದರ ಜೋಡಿ ಇತ್ತು.

ನಾವು ಹಾಕಿದ ಫೋಟೊ ಹೊಕ್ಕೈಡೊ ದ್ವೀಪದ ತ್ಸುರುಯಿ ಹಳ್ಳಿಯ ಒತೊವಾ ಸೇತುವೆಯ ಮೇಲಿಂದ ತೆಗೆದದ್ದು. ಜನವರಿ, ಫೆಬ್ರವರಿಯ ಬೆಳಗಿನ ಜಾವ ಅಲ್ಲಿ ಚಳಿ ಕೆಲವೊಮ್ಮೆ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುತ್ತದೆ. ಸೇತುವೆಯ ಕೆಳಗಿನ ಸೆತ್ಸುರಿ ಹೊಳೆ ಮಾತ್ರ ಹೆಪ್ಪುಗಟ್ಟುವುದಿಲ್ಲ. ಹಕ್ಕಿಗಳು ರಾತ್ರಿಯಿಡೀ ಆ ನೀರಿನಲ್ಲೇ ನಿಂತು ನಿದ್ದೆ ಮಾಡುತ್ತವೆ. ಸುತ್ತ ನೀರಿದ್ದರೆ ನರಿಯ ಭಯ ಕಡಿಮೆ. ಹೊತ್ತು ಮೂಡುವಾಗ ಹೊಳೆಯಿಂದ ಹಬೆ ಏಳುತ್ತದೆ, ದಡದ ಮರಗಳ ಮೇಲೆಲ್ಲ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ನೀವು ಮಂಜು ಅಂದುಕೊಂಡದ್ದು ಆ ಹಬೆಯನ್ನೇ.

ಫೋಟೊ ತೆಗೆಯುವವರು ಸೇತುವೆ ಬಿಟ್ಟು ಹೊಳೆಯ ಕಡೆ ಇಳಿಯಬಾರದು. ಅದಕ್ಕೇ ಹಕ್ಕಿ ಚಿಕ್ಕದಾಗಿ ಕಾಣುತ್ತದೆ. ಇನ್ನೂ ಹತ್ತಿರದ ಫೋಟೊ ಬೇಕೆಂದು ನಾನು ಯಾರನ್ನೂ ಕೇಳುವುದಿಲ್ಲ. ಬಿಳಿ ಹಿಮದಲ್ಲಿ ಬಿಳಿ ಹಕ್ಕಿಯನ್ನು ಹಿಡಿಯುವುದೂ ಸುಲಭವಲ್ಲ. ಕ್ಯಾಮೆರಾದ ಲೆಕ್ಕಕ್ಕೇ ಬಿಟ್ಟರೆ ಹಿಮ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬೆಳಕನ್ನು ಕೈಯಾರೆ ಒಂದಿಷ್ಟು ಜಾಸ್ತಿ ಮಾಡಬೇಕು. ಮಾಡಿದ್ದು ಅತಿಯಾದರೆ ರೆಕ್ಕೆಯ ಗರಿಗಳೇ ಅಳಿಸಿಹೋಗುತ್ತವೆ.

ಸಾವಿರ ವರ್ಷದ ಹಕ್ಕಿ ಎನ್ನುತ್ತಿದ್ದ ನಾಡಿನಲ್ಲೇ ಬೇಟೆಯಿಂದ, ಜೌಗು ನೆಲ ಹೊಲವಾದದ್ದರಿಂದ ತಾಂಚೊ ನಿರ್ನಾಮವಾಯಿತು ಎಂದೇ ಜನ ನಂಬಿದ್ದರು. 1924ರಲ್ಲಿ ಹೊಕ್ಕೈಡೊದ ಕುಶಿರೊ ಜೌಗಿನಲ್ಲಿ ಹತ್ತಿಪ್ಪತ್ತು ಹಕ್ಕಿ ಮತ್ತೆ ಕಂಡವು. 1952ರಲ್ಲೂ ಲೆಕ್ಕಕ್ಕೆ ಸಿಕ್ಕಿದ್ದು ಬರೀ 33. ಆ ಕಾಲದ ಕಡು ಚಳಿಯಲ್ಲಿ ಹಸಿದು ಹೊಲಕ್ಕೆ ಬಂದ ಹಕ್ಕಿಗಳಿಗೆ ಸುತ್ತಲಿನ ಹಳ್ಳಿಗರು ಮೆಕ್ಕೆಜೋಳ ಹಾಕಿದರು. ಈಗ ಅವು 1,500 ದಾಟಿವೆ.

ದಯವಿಟ್ಟು ಆ ಪುಟವನ್ನು ಇನ್ನೊಮ್ಮೆ ತೆಗೆಯಿರಿ. ಎಡಗಡೆ, ಹಬೆ ತೆಳುವಾಗಿರುವ ಕಡೆ, ಎರಡು ದೊಡ್ಡ ಹಕ್ಕಿಗಳ ನಡುವೆ ಕಂದು ತಲೆಯದೊಂದು ನಿಂತಿದೆ. ಅದು ಹಿಂದಿನ ಬೇಸಿಗೆಯ ಮರಿ.

ಸಂಪಾದಕ