ಪ್ಲಗ್ಗಿನ ಸ್ಕ್ರೂ ಅಯಸ್ಕಾಂತಕ್ಕೆ ಅಂಟಿದರೆ: ಓದುಗರ ಪ್ರಶ್ನೆ

ಪ್ರಶ್ನೆ: ಆಂಪ್ಲಿಫೈಯರ್‌ನ ತ್ರೀ ಪಿನ್ ಟಾಪ್ ಬಿಚ್ಚಿ ನೋಡಿದರೆ ಒಳಗಿನ ಸ್ಕ್ರೂಗಳೆಲ್ಲ ಅಯಸ್ಕಾಂತಕ್ಕೆ ಅಂಟುತ್ತವೆ. ಹಿತ್ತಾಳೆಯವನ್ನು ಹಾಕಿದರೆ ಧ್ವನಿ ತಿಳಿಯಾಗುತ್ತದೆ ಎನ್ನುತ್ತಾರೆ. ಹಾಕಬಹುದೆ?
— ಕುವೆಂಪುನಗರ, ಮೈಸೂರು

ಉತ್ತರ: ಹಾಕಬಹುದು, ಆದರೆ ಎಲ್ಲವನ್ನೂ ಅಲ್ಲ. ಟಾಪ್‌ನಲ್ಲಿ ಮೂರು ಜಾಗದಲ್ಲಿ ಸ್ಕ್ರೂ ಇರುತ್ತವೆ: ಪಿನ್ನಿನ ತೂತಿನೊಳಗೆ ವೈರನ್ನು ಒತ್ತುವವು, ಕೇಬಲ್ಲನ್ನು ಅಮುಕಿ ಹಿಡಿಯುವ ಪಟ್ಟಿಯವು, ಮುಚ್ಚಳದ್ದು. ಬದಲಿಸುವುದಿದ್ದರೆ ಮೊದಲನೆಯವನ್ನು ಮಾತ್ರ. ಉಳಿದೆರಡು ಕರೆಂಟಿನ ದಾರಿಯಲ್ಲೇ ಇಲ್ಲ, ಅಲ್ಲಿ ಉಕ್ಕಿನ ಗಟ್ಟಿತನವೇ ಬೇಕು.

ವಾದ ಇಷ್ಟು: ಪಕ್ಕದಲ್ಲಿ ಕರೆಂಟು ಹರಿದಾಗ ಉಕ್ಕಿನ ಸ್ಕ್ರೂ ಸೆಕೆಂಡಿಗೆ 50 ಸಲ ಅತ್ತಿತ್ತ ಕಾಂತವಾಗುತ್ತದೆ, ಅದರಿಂದ ಕರೆಂಟಿನ ರೂಪ ಕೆಡುತ್ತದೆ. ತತ್ತ್ವ ಸುಳ್ಳಲ್ಲ, ಪ್ರಮಾಣ ನೋಡಬೇಕು. ಸ್ಕ್ರೂನಿಂದ 10 ನ್ಯಾನೋಹೆನ್ರಿ ಇಂಡಕ್ಟೆನ್ಸ್ (ಬದಲಾಗುವ ಕರೆಂಟನ್ನು ತಡೆಯುವ ಗುಣ) ಹೆಚ್ಚಾಯಿತು ಎಂದೇ ಇಟ್ಟುಕೊಳ್ಳಿ. 50 ಹರ್ಟ್ಸ್‌ನಲ್ಲಿ ಅದರ ಅಡ್ಡಿ ಸುಮಾರು 3 ಮೈಕ್ರೋಓಮ್. 1.5 ಚದರ ಮಿ.ಮೀ. ತಾಮ್ರದ ವೈರು ಒಂದು ಮೀಟರಿಗೇ 12 ಮಿಲಿಓಮ್ ಹತ್ತಿರ ಇರುತ್ತದೆ, ಅಂದರೆ ನಾಲ್ಕು ಸಾವಿರ ಪಟ್ಟು. ಸ್ಕ್ರೂ ಬದಲಿಸಿದ ಮೇಲೆ ಧ್ವನಿ ಸುಧಾರಿಸಿದ್ದರೆ, ಹಳೆಯದು ಸಡಿಲವಾಗಿತ್ತು ಎಂದೇ ನಮ್ಮ ಅನುಮಾನ.

ಕೆಲಸ ಶುರುಮಾಡುವ ಮುನ್ನ ಟಾಪನ್ನು ಸಾಕೆಟ್ಟಿನಿಂದ ಪೂರ್ತಿ ಎಳೆದಿಡಿ; ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ಕ್ರೂ ಹೊರತೆಗೆದು, ದಾರಕ್ಕೆ ಕಟ್ಟಿದ ಸಣ್ಣ ಅಯಸ್ಕಾಂತದ ಹತ್ತಿರ ಹಿಡಿಯಿರಿ. ಪಟ್ಟನೆ ಅಂಟಿದರೆ ಉಕ್ಕು. ದಾರ ಕೊಂಚ ವಾಲಿದರೆ ನಿಕ್ಕಲ್ ಲೇಪದ ಹಿತ್ತಾಳೆ ಇರಬಹುದು, ಏಕೆಂದರೆ ನಿಕ್ಕಲ್ಲೂ ಅಂಟುವ ಲೋಹವೇ. ಅದನ್ನು ಬದಲಿಸುವ ಅಗತ್ಯವಿಲ್ಲ.

ಹಳೆಯ ಸ್ಕ್ರೂವನ್ನೇ ಸಂತೆಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಒಯ್ದು ಅಳತೆ ಹೊಂದಿಸಿ. ಬರೀ ದಪ್ಪ ಸಾಲದು, ತ್ರೆಡ್ಡಿನ ಸುತ್ತುಗಳ ನಡುವಿನ ಅಂತರವನ್ನೂ ನೋಡಿ: ಎಂ3ಕ್ಕೆ (ಅಂದರೆ 3 ಮಿ.ಮೀ. ದಪ್ಪದ್ದಕ್ಕೆ) 0.5 ಮಿ.ಮೀ., ಎಂ3.5ಕ್ಕೆ 0.6, ಎಂ4ಕ್ಕೆ 0.7. ತೀರಾ ಹಳೆಯ ಟಾಪ್‌ಗಳಲ್ಲಿ ಬ್ರಿಟಿಷ್ ಬಿಎ ತ್ರೆಡ್ ಇರಬಹುದು. 4 ಬಿಎ ದಪ್ಪ 3.6 ಮಿ.ಮೀ., ನೋಡಲು ಎಂ3.5ರ ಹಾಗೆಯೇ. ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದಕ್ಕೆ ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ. ಬಲವಂತ ಮಾಡಿದರೆ ಪಿನ್ನಿನ ತ್ರೆಡ್ಡೇ ಹಾಳು. ಉದ್ದವೂ ಒಂದೇ ಇರಲಿ: ಗಿಡ್ಡವಾದರೆ ವೈರು ಮುಟ್ಟುವುದಿಲ್ಲ, ಉದ್ದವಾದರೆ ತಲೆ ಮೇಲೆ ನಿಂತು ಮುಚ್ಚಳ ಕೂರುವುದಿಲ್ಲ.

ಹಿತ್ತಾಳೆ ಮೆದು. ಬಿಗಿಯುವ ತಿರುವುಬಲ ಎಂ3ಕ್ಕೆ 0.5 ನ್ಯೂಟನ್ ಮೀಟರ್, ಎಂ3.5ಕ್ಕೆ 0.8 ಸಾಕು. ಸ್ಕ್ರೂಡ್ರೈವರ್ ಸೀಳಿನಲ್ಲಿ ತುಂಬಿ ಕೂರಬೇಕು, ಇಲ್ಲದಿದ್ದರೆ ತಲೆ ಕಿತ್ತುಹೋಗುತ್ತದೆ. ಹಿತ್ತಾಳೆ ಬದಲು ಸ್ಟೇನ್‌ಲೆಸ್ ಸ್ಟೀಲ್ ಹಾಕುವುದಾದರೆ 304 ಎಂಬ ದರ್ಜೆಯದು ಗಟ್ಟಿ, ಆದರೆ ತ್ರೆಡ್ ಹೊಡೆಯುವಾಗ ಬಿದ್ದ ಒತ್ತಡಕ್ಕೆ ಅದೂ ಸ್ವಲ್ಪ ಅಂಟುತ್ತದೆ. 316 ದರ್ಜೆಯದು ಅಷ್ಟು ಅಂಟದು. ಸ್ಟೇನ್‌ಲೆಸ್ ಸ್ಟೀಲ್ ತಾಮ್ರಕ್ಕಿಂತ 40 ಪಟ್ಟು ಕೆಟ್ಟ ವಾಹಕವೆಂದು ಹೆದರಬೇಡಿ. ಕರೆಂಟು ವೈರಿನಿಂದ ನೇರ ಹಿತ್ತಾಳೆ ಪಿನ್ನಿಗೆ ಹೋಗುತ್ತದೆ, ಸ್ಕ್ರೂ ಕೆಲಸ ಒತ್ತುವುದಷ್ಟೆ.

ವೈರಿನ ತುದಿ 8 ಮಿ.ಮೀ.ನಷ್ಟು ಸುಲಿದು, ಎಳೆಗಳನ್ನು ಹೊಸೆದು, ತೂತು ದೊಡ್ಡದಿದ್ದರೆ ಮಡಚಿ ತೂರಿಸಿ. ಬೆಸುಗೆ ಹಾಕಬೇಡಿ: ಸೀಸ-ತವರ ಒತ್ತಡಕ್ಕೆ ಮೆಲ್ಲಗೆ ಜರುಗಿ, ತಿಂಗಳೊಪ್ಪತ್ತಿನಲ್ಲಿ ಸ್ಕ್ರೂ ಸಡಿಲವಾಗುತ್ತದೆ. ಅರ್ಥಿಂಗ್‌ನ ಹಸಿರು ವೈರು ಉಳಿದೆರಡಕ್ಕಿಂತ ಉದ್ದವಿರಲಿ. ಕೇಬಲ್ ಜಗ್ಗಿದರೆ ಅದು ಕೊನೆಗೆ ಕಿತ್ತುಬರಬೇಕು.

ಪ್ರಶ್ನೆ: ಹಿತ್ತಾಳೆ ಸ್ಕ್ರೂ ಹಾಕಿದ ಮೇಲೆ ಟಾಪ್ ಬಿಸಿಯಾಗುತ್ತಿದೆ. ಯಾಕೆ?
— ಮದ್ದೂರು, ಮಂಡ್ಯ ಜಿಲ್ಲೆ

ಉತ್ತರ: ತಕ್ಷಣ ಬಳಸುವುದನ್ನು ನಿಲ್ಲಿಸಿ. ಸಡಿಲ ಜೋಡಣೆಯಲ್ಲಿ 0.1 ಓಮ್ ಇದ್ದರೂ 5 ಆಂಪಿಯರ್‌ಗೆ ಎರಡೂವರೆ ವ್ಯಾಟ್ ಶಾಖ, ಅದೂ ಬೆರಳುಗುರಿನಷ್ಟು ಜಾಗದಲ್ಲಿ. ಟಾಪ್ ಬಿಚ್ಚಿ, ಒಂದೊಂದೇ ವೈರು ಹಿಡಿದು ಮೆಲ್ಲಗೆ ಎಳೆಯಿರಿ. ಯಾವುದು ಅಲುಗಾಡುತ್ತದೋ ಅದರ ಸುಟ್ಟ ತುದಿ ಕತ್ತರಿಸಿ ಹೊಸದಾಗಿ ಸುಲಿಯಿರಿ. ಒಳಗೆ ಎಲ್ಲ ಬಿಗಿಯಾಗಿದ್ದೂ ಪಿನ್ನಿನ ತುದಿ ಕಪ್ಪಾಗಿದ್ದರೆ ತಪ್ಪು ಟಾಪ್‌ನದಲ್ಲ, ಸಾಕೆಟ್ಟಿನೊಳಗಿನ ಹಿಡಿತ ಸಡಿಲಗೊಂಡಿದೆ. ಸಾಕೆಟ್ ಬದಲಿಸಲು ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ.

ಪ್ರಶ್ನೆ: ಸ್ಕ್ರೂ ಬದಲಿಸಿದರೂ ಸ್ಪೀಕರಿನ ಗುಂಯ್ ಸದ್ದು ಹೋಗಲಿಲ್ಲ.
— ಸರಸ್ವತಿಪುರಂ, ಮೈಸೂರು

ಉತ್ತರ: ಹೋಗುವುದೂ ಇಲ್ಲ. ಮೊದಲು ಟಿವಿಯ ಕೇಬಲ್ ವೈರು ಕಳಚಿ ನೋಡಿ. ಸದ್ದು ನಿಂತರೆ ಅರ್ಥ್ ಎರಡು ಕಡೆಯಿಂದ ಬರುತ್ತಿದೆ. ಎಲ್ಲ ಯಂತ್ರಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಗುಂಯ್ ನಿಲ್ಲಿಸಲು ಕೆಲವರು ಟಾಪ್‌ನಲ್ಲಿ ಅರ್ಥ್ ವೈರನ್ನೇ ಕತ್ತರಿಸುತ್ತಾರೆ. ಆಮೇಲೆ ಒಳಗೆ ಫೇಸ್ ತಗುಲಿದರೆ ಆಂಪ್ಲಿಫೈಯರ್‌ನ ಲೋಹದ ಪೆಟ್ಟಿಗೆಯೇ ಶಾಕ್ ಹೊಡೆಯುತ್ತದೆ.