ಹೇಳಿಕೊಳ್ಳಲಾಗದ್ದನ್ನು ಕೇಳುವ ಸಮೀಕ್ಷೆಗಳ ಅಂಕಿಗಳನ್ನು ನಂಬಬಹುದೇ?

ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಕರ್ನಾಟಕದ ಮಹಿಳೆಯರ ಪ್ರಮಾಣ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ (2015-16) ಶೇ. 20.6 ಇದ್ದದ್ದು ಐದನೆಯದರಲ್ಲಿ (2019-21) ಶೇ. 44.4 ಆಗಿದೆ, ಇದನ್ನು ನಂಬುವುದು ಹೇಗೆ ಎಂದು ಕೇಳಿದ್ದೀರಿ. 44.4 ಎಂಬ ಅಂಕಿಯನ್ನು ನಾನು ಬಹುಮಟ್ಟಿಗೆ ನಂಬುತ್ತೇನೆ. ಹಿಂಸೆ ದುಪ್ಪಟ್ಟಾಯಿತು ಎಂಬ ಮಾತನ್ನು ನಂಬುವುದಿಲ್ಲ.

ಇದು ಒಂದು ವರ್ಷದ ಲೆಕ್ಕವಲ್ಲ. 18ರಿಂದ 49 ವಯಸ್ಸಿನ ವಿವಾಹಿತೆ ಎಂದಾದರೊಮ್ಮೆ ಏಟು ತಿಂದಿದ್ದರೂ ಎಣಿಕೆಗೆ ಸೇರುತ್ತಾಳೆ, ಮತ್ತು ನಾಲ್ಕೈದು ವರ್ಷಗಳಲ್ಲಿ ಈ ವಯೋಮಾನದ ಬಹುಪಾಲು ಹೆಂಗಸರು ಬದಲಾಗುವುದಿಲ್ಲ. ಮೊದಲ ಅಂಕಿ ಸರಿಯೆಂದಾದರೆ, ನೂರಕ್ಕೆ ಅದುವರೆಗೆ ಏಟು ಕಾಣದ 79 ಮಂದಿಯಲ್ಲಿ ಸುಮಾರು 24 ಮಂದಿ ಇಷ್ಟು ಅಲ್ಪಾವಧಿಯಲ್ಲಿ ಹೊಸದಾಗಿ ಹೊಡೆಸಿಕೊಂಡಿರಬೇಕಾಗುತ್ತದೆ. ಅದಕ್ಕಿಂತ, ಕೇಳಿದ ಬಗೆಯೋ ಹೇಳಿಕೊಳ್ಳುವ ಧೈರ್ಯವೋ ಬದಲಾಗಿರುವ ಸಂಭವವೇ ಹೆಚ್ಚು.

ಹಲವು ವರ್ಷಗಳ ಹಿಂದೆ ಮುಂಬಯಿಯಲ್ಲಿ, ಬೇರೊಂದು ಚಿಕ್ಕ ಸಮೀಕ್ಷೆಗಾಗಿ, ಗೋವಂಡಿಯ ಜೋಪಡಪಟ್ಟಿಯಲ್ಲಿ ನಾನು ಮನೆಮನೆ ಸುತ್ತಿದ್ದೆ. ಪ್ರಶ್ನಾವಳಿ ಮರಾಠಿಯಲ್ಲಿತ್ತು, 'ಛಳ' ಎಂಬ ಪದ ಬಳಸಿತ್ತು. ಯಾದಗಿರಿ ಕಡೆಯಿಂದ ದುಡಿಯಲು ಬಂದಿದ್ದ ಒಬ್ಬಾಕೆಗೆ ನಾನದನ್ನು 'ಹಿಂಸೆ' ಎಂದು ಕನ್ನಡಿಸಿ ಕೇಳಿದೆ. "ಹಂಗೇನಿಲ್ಲರಿ, ಒಂದೆರಡು ಏಟು ಬೀಳ್ತಾವ, ಅದಕ್ಕ ಯಾರು ಹಿಂಸಾ ಅಂತಾರ?" ಎಂದಳು. ಹಾಳೆಯ ಮೇಲೆ ಅದು 'ಇಲ್ಲ' ಆಯಿತು. ಅತ್ತೆ ಹೊಸ್ತಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ಮನೆಗಳಲ್ಲಿ ಅಷ್ಟು ಮಾತೂ ಹೊರಡುತ್ತಿರಲಿಲ್ಲ. ಅಲ್ಲಿಂದ ಹತ್ತಿರದಲ್ಲೇ, ದೇವನಾರ್‌ನಲ್ಲಿರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸುವ ರಾಷ್ಟ್ರೀಯ ಸಮೀಕ್ಷೆಯು ಈ ತಪ್ಪನ್ನು ಮಾಡುವುದಿಲ್ಲ. ಅದು 'ಹಿಂಸೆ' ಎನ್ನದೆ ಕಪಾಳಕ್ಕೆ ಹೊಡೆದನೇ, ಕೈ ತಿರುಚಿದನೇ, ಒದ್ದನೇ ಎಂದು ಒಂದೊಂದನ್ನೇ ಕೇಳುತ್ತದೆ, ಮನೆಗೊಬ್ಬಳನ್ನೇ ಆರಿಸಿಕೊಳ್ಳುತ್ತದೆ, ಏಕಾಂತ ಸಿಗದಿದ್ದರೆ ಆ ಭಾಗವನ್ನು ಕೈಬಿಡುತ್ತದೆ. ಇಷ್ಟಾದರೂ ಕೇಳುವಾಕೆಯ ದನಿ, ತರಬೇತಿ, ಅವಸರ ಸುತ್ತಿನಿಂದ ಸುತ್ತಿಗೆ ಒಂದೇ ಆಗಿರುವುದಿಲ್ಲ.

ವರದಿಗಳಲ್ಲಿ ಅಚ್ಚಾಗುವ ದೋಷದ ಅಂದಾಜು, ಎಲ್ಲರ ಬದಲು ಆರಿಸಿದ ಕೆಲವರನ್ನಷ್ಟೇ ಕೇಳುವ ಮಾದರಿಯ ಗಾತ್ರದಿಂದ ಬರುವ ಏರುಪೇರನ್ನು ಮಾತ್ರ ಅಳೆಯುತ್ತದೆ. ಮುಚ್ಚಿಟ್ಟ ಉತ್ತರ ಲಕ್ಷ ಜನರನ್ನು ಕೇಳಿದರೂ ಮುಚ್ಚಿಟ್ಟದ್ದೇ.

ಇದಕ್ಕೆ ಅರ್ಥಶಾಸ್ತ್ರಜ್ಞ ಸ್ಟ್ಯಾನ್ಲಿ ವಾರ್ನರ್ 1965ರಲ್ಲಿ ಒಂದು ಜಾಣ ಉಪಾಯ ಸೂಚಿಸಿದರು. ಅದರ ಸರಳ ರೂಪ ಹೀಗಿದೆ: ಉತ್ತರಿಸುವವರು ಮರೆಯಲ್ಲಿ ನಾಣ್ಯ ಚಿಮ್ಮುತ್ತಾರೆ, ರಾಜ ಬಿದ್ದರೆ ಸುಮ್ಮನೆ 'ಹೌದು' ಎನ್ನುತ್ತಾರೆ, ಇಲ್ಲದಿದ್ದರೆ ನಿಜ ಹೇಳುತ್ತಾರೆ. ಯಾರ 'ಹೌದು' ನಿಜದ್ದೆಂದು ಯಾರಿಗೂ ತಿಳಿಯದು, ಆದರೆ ಶೇ. 55 ಮಂದಿ 'ಹೌದು' ಎಂದರೆ, ಅದರಲ್ಲಿ ಸುಮಾರು 50 ನಾಣ್ಯದ್ದು, ನಿಜ ಹೇಳಿದ ಉಳಿದ 50 ಮಂದಿಯಲ್ಲಿ 5 ಮಾತ್ರ 'ಹೌದು', ಹಾಗಾಗಿ ನಿಜವಾದ ಪ್ರಮಾಣ ಶೇ. 10 ಎಂದು ಲೆಕ್ಕ ಕಟ್ಟಬಹುದು. ಬೆಲೆ ಮಾತ್ರ ದುಬಾರಿ: 1000 ಜನರನ್ನು ನೇರವಾಗಿ ಕೇಳಿದಾಗ ಶೇ. 10ರ ಆಚೀಚೆ ಸುಮಾರು 2 ಅಂಶ (ಅಂದರೆ ಶೇ. 8ರಿಂದ 12) ಇರುವ ಅನಿಶ್ಚಿತತೆ ಇಲ್ಲಿ 6 ಅಂಶಕ್ಕೇರುತ್ತದೆ, ಅದನ್ನು ಮತ್ತೆ ಇಳಿಸಲು 11 ಪಟ್ಟು ಜನ ಬೇಕು. ಅದಲ್ಲದೆ, ಅಪರಿಚಿತರ ಎದುರು ನಾಣ್ಯ ಚಿಮ್ಮಿ, ಏಟು ತಿನ್ನದಿದ್ದರೂ 'ಹೌದು' ಎನ್ನಲು ಗೋವಂಡಿಯ ಆ ಹೆಂಗಸರು ಒಪ್ಪುತ್ತಿದ್ದರೆಂದು ನನಗೆ ಅನಿಸುವುದಿಲ್ಲ.

ಆದ್ದರಿಂದ ಇಂಥ ವಿಷಯದಲ್ಲಿ, ಇಲ್ಲದ ಏಟನ್ನು ಸೃಷ್ಟಿಸುವುದಕ್ಕಿಂತ ತಿಂದ ಏಟನ್ನು ಅಡಗಿಸಲು ಕಾರಣಗಳು ಹೆಚ್ಚಿರುವುದರಿಂದ, ದೊಡ್ಡ ಅಂಕಿಯನ್ನು ನಾನು ಕನಿಷ್ಠ ಮಿತಿಯೆಂದು ಓದುತ್ತೇನೆ. ಎರಡು ಸುತ್ತುಗಳನ್ನು ಹೋಲಿಸುವ ಮುನ್ನ, ಏಕಾಂತ ಸಿಗದೆ ಎಷ್ಟು ಸಂದರ್ಶನಗಳನ್ನು ಕೈಬಿಡಲಾಯಿತು ಎಂಬ ಸಾಲನ್ನು ವರದಿಯಲ್ಲಿ ಹುಡುಕುತ್ತೇನೆ.