ಗಣಿತ ಪ್ರಶ್ನೋತ್ತರ: 12,34,56,789ರ ಅಪವರ್ತನಗಳು

ಪ್ರಶ್ನೆ: 12,34,56,789ನ್ನು 9ರಿಂದ ಭಾಗಿಸಿದರೆ 1,37,17,421 ಬರುತ್ತದೆ. ಮುಂದೆ 7, 11, 13, 17 ಎಂದು ಭಾಗಿಸುತ್ತಾ ಹೋದರೆ ಪ್ರತಿಸಲವೂ ಶೇಷ ಉಳಿಯುತ್ತದೆ. ಈ 1,37,17,421 ಅವಿಭಾಜ್ಯ ಸಂಖ್ಯೆಯೇ?

ಉತ್ತರ: ಅಲ್ಲ. ನಿಮ್ಮ ದಾರಿ ಸರಿಯಾದದ್ದೇ, ಆದರೆ ಬಲು ದೂರದ್ದು. ಇದರ ಅತಿ ಚಿಕ್ಕ ಅವಿಭಾಜ್ಯ ಅಪವರ್ತನ ಸಿಗುವಷ್ಟರಲ್ಲಿ 500ಕ್ಕೂ ಹೆಚ್ಚು ಅವಿಭಾಜ್ಯಗಳನ್ನು ದಾಟಬೇಕು. ಇಲ್ಲಿ ಫ್ರೆಂಚ್ ಗಣಿತಜ್ಞ ಫರ್ಮಾನ ವಿಧಾನ ಹಿಡಿಯಿರಿ. ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆದರೆ a² − b² = (a − b)(a + b) ಎಂಬ ಸೂತ್ರದಿಂದ ಅಪವರ್ತನಗಳು ತಾವಾಗಿಯೇ ಬೀಳುತ್ತವೆ.

1,37,17,421ರ ವರ್ಗಮೂಲ ಸುಮಾರು 3703.7. ಇದನ್ನು ಮೇಲಕ್ಕೇ ಏರಿಸಿ 3704 ಎಂದು ತೆಗೆದುಕೊಳ್ಳಬೇಕು. ಇದೇ ನಮ್ಮ a. ಇದರ ವರ್ಗದಿಂದ 1,37,17,421 ಕಳೆದಾಗ ಬರುವ ವ್ಯತ್ಯಾಸ ಪೂರ್ಣವರ್ಗ (b²) ಆಗಬೇಕು; 3703 ಹಿಡಿದರೆ ಅದು ಋಣವಾಗುತ್ತದೆ.

3704² = 1,37,19,616. ವ್ಯತ್ಯಾಸ 2195. 5ರಲ್ಲಿ ಕೊನೆಯಾಗುವ ಪೂರ್ಣವರ್ಗದ ಕೊನೆಯ ಎರಡು ಅಂಕಿ 25 ಆಗಿರಲೇಬೇಕು, ಹಾಗಾಗಿ ವರ್ಗಮೂಲ ತೆಗೆಯದೆಯೇ ಇದನ್ನು ಕೈಬಿಡಬಹುದು.

3705² = 1,37,27,025. ವ್ಯತ್ಯಾಸ 9604, ಅಂದರೆ 98².

ಎರಡನೇ ಹೆಜ್ಜೆಗೇ ಉತ್ತರ: 3705 − 98 = 3607, 3705 + 98 = 3803. ಇಷ್ಟು ಬೇಗ ಸಿಕ್ಕಿದ್ದು ಎರಡೂ ಅಪವರ್ತನಗಳು ವರ್ಗಮೂಲದ ಆಸುಪಾಸಿನಲ್ಲೇ ಇರುವುದರಿಂದ. ಒಂದು ತೀರ ಚಿಕ್ಕದು, ಇನ್ನೊಂದು ತೀರ ದೊಡ್ಡದು ಆಗಿದ್ದರೆ ಈ ವಿಧಾನ ಸಾಮಾನ್ಯ ಭಾಗಾಕಾರಕ್ಕಿಂತಲೂ ನಿಧಾನ. ಆದ್ದರಿಂದ ಮೊದಲು 3, 7, 11ರಂಥ ಚಿಕ್ಕವನ್ನು ಪರೀಕ್ಷಿಸಿ ಮುಗಿಸುವುದೇ ಜಾಣತನ.

ಕೊನೆಯ ಪರಿಶೀಲನೆ ಬಿಡಬೇಡಿ. 3607 ಅವಿಭಾಜ್ಯವೆಂದು ಖಚಿತಪಡಿಸಲು 59ರವರೆಗಿನ, 3803ಕ್ಕೆ 61ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. ಎರಡೂ ಅವಿಭಾಜ್ಯಗಳೇ. ಹೀಗೆ 12,34,56,789 = 3² × 3607 × 3803.

ಪ್ರಶ್ನೆ: ಇದಕ್ಕೆ ಒಟ್ಟು ಎಷ್ಟು ಭಾಜಕಗಳು? ಅವುಗಳ ಮೊತ್ತ ಎಷ್ಟು?

ಉತ್ತರ: ಪ್ರತಿ ಘಾತಕ್ಕೂ 1 ಕೂಡಿಸಿ ಗುಣಿಸಿ: 3 × 2 × 2 = 12. ಮೊತ್ತ (1 + 3 + 9) × 3608 × 3804 = 17,84,22,816. 3² ಇರುವಲ್ಲಿ 9 + 1 ಎಂದು ಬರೆದು ನಡುವಿನ 3ನ್ನು ಮರೆಯುವವರು ಬಹಳ ಮಂದಿ.

ಪ್ರಶ್ನೆ: 1ರಿಂದ 9ರವರೆಗಿನ ಅಂಕಿಗಳನ್ನು ಒಂದೊಂದೇ ಸಲ ಬಳಸಿ ಅವಿಭಾಜ್ಯ ಸಂಖ್ಯೆ ಮಾಡಲು ಸಾಧ್ಯವೇ?

ಉತ್ತರ: ಸಾಧ್ಯವಿಲ್ಲ. ಹೇಗೆ ಜೋಡಿಸಿದರೂ ಅಂಕಿಗಳ ಮೊತ್ತ 45. ಹಾಗಾಗಿ 3,62,880 ಜೋಡಣೆಗಳೂ 9ರಿಂದ ಭಾಗವಾಗುತ್ತವೆ.

ಪ್ರಶ್ನೆ: 12,34,56,789 ಮತ್ತು ಅದನ್ನು ತಿರುಗಿಸಿ ಬರೆದ 98,76,54,321, ಇವೆರಡರ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಎಷ್ಟು?

ಉತ್ತರ: ಅಪವರ್ತಿಸುವ ಶ್ರಮವೇ ಬೇಡ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ: 98,76,54,321 = 8 × 12,34,56,789 + 9. ಎಷ್ಟು ಸೊಗಸಾದ ಶೇಷ! ಆ 9 ಚಿಕ್ಕ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುತ್ತದೆ, ಆದ್ದರಿಂದ ಮ.ಸಾ.ಅ. 9.